ಆರು ಮೂಲೆಯ ಪೆಟ್ಟಿಗೆ

ಕಲ್ಲೇಶಾಚಾರಿಯ ಎಡಗೈಯ ಉಂಗುರದ ಬೆರಳು ಅವನ ಮಾತು ಕೇಳುತ್ತಿರಲಿಲ್ಲ. ಹೆಂಡತಿ ಶಂಕ್ರಮ್ಮ ಕೇಳುತ್ತಿರಲಿಲ್ಲ, ಅದಕ್ಕೆ ಒಗ್ಗಿಹೋಗಿದ್ದ. ಮೇಕೆ ಕೇಳುತ್ತಿರಲಿಲ್ಲ, ಅದನ್ನು ಮಾರಿಬಿಟ್ಟಿದ್ದ. ಸ್ವಂತ ಬೆರಳನ್ನು ಏನು ಮಾಡುವುದು? ಉಳಿ, ಬಾಚಿ ಹಿಡಿದು ನ್ಯಾಮತಿಯ ಅರ್ಧ ಊರಿಗೆ ಬಾಗಿಲು ಮಾಡಿಕೊಟ್ಟ ಕೈ ಅದು. ಉಳಿದ ಬೆರಳುಗಳೆಲ್ಲ ಹೇಳಿದ ಕಡೆ ಹೋಗುತ್ತಿದ್ದವು. ಇದೊಂದು ಮಾತ್ರ ಪಕ್ಕದ ಬೆರಳಿಗೆ ಒರಗಿ ಮಲಗಿಬಿಡುತ್ತಿತ್ತು.

ಮಲಗಿದ್ದರೆ ಬಡಗಿ ಕೆಲಸಕ್ಕೇನೂ ಅಡ್ಡಿಯಿರಲಿಲ್ಲ. ಅಡ್ಡಿ ಬಂದದ್ದು ಓಡ್ರಿ ಫಾದರ್ ಪೆಟ್ಟಿಗೆಯಿಂದ.

ಹೊನ್ನಾಳಿಯ ಹೊರಗೆ ಹೊಳೆ ದಡದಲ್ಲಿ ಧರ್ಮಾಸ್ಪತ್ರೆ ನಡೆಸುತ್ತಿದ್ದ ಮುದುಕರು ಅವರು. ಐರ್ಲೆಂಡಿನವರು. ನಿಜವಾದ ಹೆಸರು ಓಡ್ರಿಸ್ಕಾಲ್. ಅದನ್ನು ಕೊನೆಯವರೆಗೆ ಹೇಳುವ ತಾಳ್ಮೆ ಈ ಸೀಮೆಯಲ್ಲಿ ಯಾರಿಗೂ ಇರಲಿಲ್ಲ. ಸೂಜಿ ಹಿಡಿದುಕೊಂಡು ಅವರು ಹಳ್ಳಿಗೆ ಬಂದರೆ ಮಕ್ಕಳು ‘ಓಡ್ರಿ! ಓಡ್ರಿ!’ ಎಂದು ಕಿರುಚುತ್ತ ದಿಕ್ಕಾಪಾಲಾಗುತ್ತಿದ್ದವು. ತನ್ನನ್ನು ಪ್ರೀತಿಯಿಂದ ಹೆಸರು ಹಿಡಿದು ಕರೆಯುತ್ತಾರೆಂದು ಫಾದರ್ ಬಹಳ ವರ್ಷ ಸಂತೋಷಪಟ್ಟುಕೊಂಡಿದ್ದರು.

ಅವರ ಹತ್ತಿರ ಒಂದು ವಾದ್ಯ ಇತ್ತು. ಅವರು ಅದನ್ನು ಕಾನ್ಸರ್ಟಿನಾ ಎನ್ನುತ್ತಿದ್ದರು. ಆರು ಮೂಲೆ, ನಡುವೆ ತಿದಿ, ಎರಡು ಕಡೆ ಸಾಲುಸಾಲು ಗುಂಡಿ. ಅದರ ತಿದಿ ಹರಿದಾಗ ಕಲ್ಲೇಶಾಚಾರಿಯೇ ತೊಗಲು ಅಂಟಿಸಿ ಸರಿಮಾಡಿಕೊಟ್ಟಿದ್ದ. ಸರಿಯಾಗಿದೆಯೋ ಇಲ್ಲವೋ ನೋಡಲು ಎರಡು ಗುಂಡಿ ಒತ್ತಿದವನು ಅಲ್ಲೇ ಸಿಕ್ಕಿಬಿದ್ದ. ಅಂದಿನಿಂದ ಭಾನುವಾರದ ಸಂಜೆಯೆಲ್ಲ ಆಸ್ಪತ್ರೆಯ ಜಗಲಿಯಲ್ಲಿ ಪಾಠ. ಹಾರ್ಮೋನಿಯಂ ಹಾಗಲ್ಲ ಅದು. ಒಂದೇ ಗುಂಡಿ ಅದುಮಿ ತಿದಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಮನುಷ್ಯನನ್ನು ಹುಚ್ಚು ಹಿಡಿಸಲೆಂದೇ ಯಾರೋ ಕೂತು ಮಾಡಿದ ಹಾಗಿತ್ತು.

ಫಾದರ್ ಅವನಿಗೆ ತಮ್ಮ ತಾಯಿ ಒಲೆ ಮುಂದೆ ಕೂತು ನುಡಿಸುತ್ತಿದ್ದ ಒಂದು ನಿಧಾನದ ರಾಗ ಕಲಿಸಿದರು. ಅದರ ನಡುವೆ ಒಂದು ತಿರುವು. ಅಲ್ಲಿಗೆ ಬಂದೊಡನೆ ಕಲ್ಲೇಶಾಚಾರಿ ಒಂದೇ ಬೆರಳನ್ನು ಗುಂಡಿಯಿಂದ ಗುಂಡಿಗೆ ಹಾರಿಸುತ್ತಿದ್ದ, ರಾಗ ಕುಂಟುತ್ತಿತ್ತು.

“ಬೆರಳು ಕಪ್ಪೆಯಲ್ಲ, ಕಲ್ಲೇಶ,” ಎನ್ನುತ್ತಿದ್ದರು ಫಾದರ್. ವ್ಯಾಕರಣದ ಪುಸ್ತಕದಿಂದ ಕಲಿತ ಕನ್ನಡ ಅವರದು. “ಅದು ಹಾರಬಾರದು, ನಡೆಯಬೇಕು. ಒಂದು ಗುಂಡಿಗೆ ಒಂದು ಬೆರಳು, ಮುಂದಿನ ಗುಂಡಿಗೆ ಮುಂದಿನ ಬೆರಳು. ಉಂಗುರದ ಬೆರಳನ್ನು ಎಬ್ಬಿಸು.”

ಅದು ಏಳುತ್ತಿರಲಿಲ್ಲ.

ಹೋದ ತಿಂಗಳು ಫಾದರ್ ಹಾಸಿಗೆ ಹಿಡಿದರು. ನೋಡಲು ಹೋದಾಗ ಕಾನ್ಸರ್ಟಿನಾವನ್ನು ಇವನ ಕೈಗಿಟ್ಟು, “ಮನೆಗೆ ಒಯ್ದು ಅಭ್ಯಾಸ ಮಾಡು,” ಎಂದರು. ಆಮೇಲೆ ಉಸಿರು ಕೂಡಿಸಿಕೊಂಡು, “ಇನ್ನೊಂದು ಮಾತು. ನನ್ನ ಪೆಟ್ಟಿಗೆ. ಆರು ಮೂಲೆಯದು. ನಾನು ಹೋಗುವುದರೊಳಗೆ ಅದು ನಿನ್ನ ಕೈಯಿಂದಲೇ ಸಿದ್ಧವಾಗಬೇಕು. ಬೇರೆ ಯಾರ ಕೈಯೂ ಬೇಡ,” ಎಂದರು.

ಕಲ್ಲೇಶಾಚಾರಿ ಅವರ ಕಾಲು ಮುಟ್ಟಿ, “ನಂದೇ ಕೈ ಫಾದರ್, ಮಾತು ಕೊಟ್ಟೀನಿ,” ಎಂದ. ನಮ್ಮ ಕಡೆ ಭಜನೆಯ ಹಾರ್ಮೋನಿಯಂ ಕೂಡ ಪೆಟ್ಟಿಗೆಯೇ. ಸಾಯುವ ಮೊದಲು ತಾಯಿಯ ರಾಗವನ್ನು ಶಿಷ್ಯನ ಕೈಯಲ್ಲಿ ಕೇಳಬೇಕೆಂಬ ಆಸೆ ಎಂದು ಅವನು ತಿಳಿದುಕೊಂಡ.

ಮರುವಾರ ಎತ್ತಿನ ಗಾಡಿಯಲ್ಲಿ ಆರು ತೇಗದ ಹಲಗೆ ಬಂದವು. “ಪೆಟ್ಟಿಗೆಗೆ ಅಂತ ಫಾದರ್ ಕಳಿಸ್ಯಾರೆ,” ಎಂದು ಗಾಡಿಯವನು ಇಳಿಸಿ ಹೋದ. ಆಳುದ್ದಕ್ಕಿಂತ ಉದ್ದದ ಹಲಗೆಗಳು. ವಾದ್ಯ ಇಡಲು ಒಂದು ಗೂಡು ಬೇಕಂತ ಕಾಣುತ್ತದೆ, ಮಿಕ್ಕದ್ದು ನನ್ನ ಕೂಲಿಗೆ ಎಂದು ಲೆಕ್ಕ ಹಾಕಿದ ಕಲ್ಲೇಶಾಚಾರಿ. ದೊಡ್ಡ ಮನಸ್ಸಿನವರು ಎಂದೂ ಅಂದುಕೊಂಡ.

ಅಭ್ಯಾಸ ಶುರುವಾಯಿತು. ಬೀದಿಗೆ ನಿದ್ದೆ ಹಾರಿಹೋಯಿತು. ಎದುರಿನ ಹೋಟ್ಲಿನ ಮಹೇಶ್ವರಪ್ಪ ಸೌಟು ಹಿಡಿದುಕೊಂಡೇ ಬಂದ.

“ಏನ್ರೀ ಆಚಾರ್ರೇ ಇದು, ಕರು ಸತ್ತ ಎಮ್ಮೆ ಒದರಿದಂಗೆ?”

“ಅದು ಫಾದರ್ ಊರಿನ ರಾಗ ಕಣ್ರೀ. ಜೋರಾಗಿ ನುಡಿಸಾದೂ ಒಂದೈತೆ, ಅದಕ್ಕೆ ರೀಲು ಅಂತಾರೆ.”

“ರೀಲು ಬಿಡಾದು ನಿಮಗೆ ಹೊಸದೇನಲ್ಲ ಬಿಡ್ರಿ. ಗಿರಾಕಿಗಳು ಎದ್ದು ಹೋಗಾಕೆ ಹತ್ಯಾರೆ, ಅದಕ್ಕೇನ್ ಮಾಡ್ತೀರಿ?”

ಅವನ ಬಾಯಿ ಮುಚ್ಚಿಸಲು ಕಲ್ಲೇಶಾಚಾರಿ ಅವೇ ಹಲಗೆಗಳನ್ನು ಮೂರು ಮೂರು ಜೋಡಿಸಿ, ಹಳೆ ಮರದ ಕಾಲು ಕೊಟ್ಟು ಹೋಟ್ಲಿಗೆ ಎರಡು ಬೆಂಚು ಮಾಡಿಕೊಟ್ಟ. ಜಗಲಿ ಗಿಡ್ಡ, ಬೆಂಚು ಉದ್ದ. ಹಾಗಾಗಿ ಒಂದೊಂದು ಹಲಗೆಯಿಂದಲೂ ಒಂದು ಗೇಣು ಕೊಯ್ದ. ಕೊಯ್ದ ಆರು ತುಂಡು ಸೇರಿಸಿದರೆ ವಾದ್ಯಕ್ಕೆ ಆರು ಮೂಲೆಯ ಗೂಡು. ಅಡಿಗೂ ಮುಚ್ಚಳಕ್ಕೂ ಹಳೆಯ ಬಾಗಿಲಿನ ಹಲಗೆ, ಮೇಲೆ ಹಿತ್ತಾಳೆ ಕೊಂಡಿ. ನೋಡಿದವರು ಒಡವೆ ಪೆಟ್ಟಿಗೆ ಅಂದುಕೊಳ್ಳಬೇಕು, ಹಾಗಿತ್ತು. ಒಂದು ಚೂರೂ ವ್ಯರ್ಥವಾಗಲಿಲ್ಲವೆಂದು ಅವನಿಗೆ ಹೆಮ್ಮೆ.

ಇವತ್ತು ಬೆಳಿಗ್ಗೆ ಅವನು ಅದೇ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತಿದ್ದಾಗ ಹೊನ್ನಾಳಿ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ನೇರ ಇವನ ಹತ್ತಿರ ಬಂದ.

“ಆಚಾರ್ರೇ, ಆಸ್ಪತ್ರೆ ಕಾಂಪೌಂಡರ್ ಬೀರಲಿಂಗಪ್ಪೋರು ಹೇಳಿ ಕಳಿಸ್ಯಾರೆ. ಫಾದರ್ ಇವತ್ತು ದಾಟಾದು ಕಷ್ಟ ಐತಂತೆ. ಪೆಟ್ಟಿಗೆ ಆತಾ, ಪೆಟ್ಟಿಗೆ ಆತಾ ಅಂತ ಅದೊಂದೇ ಕೇಳ್ತಾರಂತೆ. ಹೊರಾಕೆ ನಾಕ್ ಜನ ಕಳಿಸ್ಬೇಕಾ ಅಂತ ಕೇಳಿದ್ರು.”

“ನಾಕ್ ಜನ ಯಾಕೆ? ಕಂಕುಳಾಗೆ ಇಟ್ಕಂಡು ಬರ್ತೀನಿ,” ಎಂದ ಕಲ್ಲೇಶಾಚಾರಿ. ಹೇಳಿದ ಮೇಲೆ ಕಣ್ಣು ತುಂಬಿತು. ವಾದ್ಯವನ್ನು ಮೆರವಣಿಗೆಯಲ್ಲಿ ತರಿಸಿಕೊಳ್ಳುವಷ್ಟು ಮರ್ಯಾದೆ ಆ ಮುದುಕರಿಗೆ!

“ಹಂಗಾರೆ ಆಗೈತೆ ಅಂತೀರಾ?”

“ಎಲ್ಲಾ ಆಗೈತೆ. ಒಂದು ಮೂಲ್ಯಾಗೆ ಮಾತ್ರ ಸರಿಯಾಗಿ ಕೂರವಲ್ದು.”

ಬಸ್ಸು ಊರೊಳಗೆ ಹೋಗಿ ತಿರುಗಿಕೊಂಡು ಬರುವಷ್ಟು ಹೊತ್ತಿತ್ತು. ಕಲ್ಲೇಶಾಚಾರಿ ಎಡಗೈಯನ್ನು ಬೆಂಚಿನ ಮೇಲಿಟ್ಟು ಕಣ್ಣು ಮುಚ್ಚಿ ತಿರುವನ್ನು ಅಭ್ಯಾಸ ಮಾಡತೊಡಗಿದ. ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಏಳು ಮಾರಾಯ, ಇವತ್ತೊಂದು ದಿನ ಏಳು. ಬೆರಳು ನಡುಗಿತು, ಎದ್ದಿತು, ಬಿತ್ತು. ತುಟಿಯೂ ಅದರ ಜೊತೆಗೆ ಸೊಟ್ಟಗಾಗುತ್ತಿತ್ತು.

ಹಾಲು ತರಲು ಬಂದಿದ್ದ ಪಕ್ಕದ ಮನೆ ಭೀಮಕ್ಕ ಅದನ್ನು ನೋಡಿದಳು. ಚೊಂಬು ಕೆಳಗೆ ಬಿತ್ತು.

“ಅಯ್ಯಯ್ಯಪ್ಪಾ! ಆಚಾರಿಗೆ ಲಕ್ವ ಹೊಡೀತೈತೆ! ಕೈ ನೋಡ್ರೋ, ಬಾಯಿ ನೋಡ್ರೋ!”

“ಲಕ್ವ ಅಲ್ಲ ಭೀಮಕ್ಕ, ಬೆರಳು ಸಾಧನೆ ಮಾಡ್ತಿದೀನಿ.”

“ನಮ್ಮ ಮಾವಾನೂ ಹಿಂಗೇ ಏನಿಲ್ಲ ಏನಿಲ್ಲ ಅಂತಿದ್ದ. ಮೂರು ದಿನ ಅಷ್ಟೇ. ಆಮೇಲೆ ಅಂಬಲೀನೂ ಒಳಗಿಳೀಲಿಲ್ಲ. ಹಿಡ್ಕಳ್ರೋ!”

ಹಿಡಿದುಕೊಂಡರು. ಬೆಳಗಿನ ಹೊತ್ತು, ಯಾರಿಗೂ ಬೇರೆ ಕೆಲಸವಿರಲಿಲ್ಲ. ಕಲ್ಲೇಶಾಚಾರಿಯನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ ಇಬ್ಬರು ಕಾಲು, ಇಬ್ಬರು ತೋಳು ಒತ್ತಿಹಿಡಿದರು.

“ಬೆಂಚು ಮನುಷ್ಯ ಮಲಗಾಕೆ ಹೇಳಿ ಮಾಡಿಸ್ದಂಗೈತೆ,” ಎಂದು ಮಹೇಶ್ವರಪ್ಪ ಮೆಚ್ಚಿದ.

ಮುರಿದ ಮೂಳೆ ಕೂರಿಸುವ ಚಿಕ್ಕಹನುಮಂತಪ್ಪ ಅಲ್ಲೇ ಬನ್ನು ತಿನ್ನುತ್ತಿದ್ದ. ಅವನಿಗೆ ಎತ್ತಿನ ಕಾಲೂ ಒಂದೇ, ಮನುಷ್ಯನ ಕೈಯೂ ಒಂದೇ. ಬನ್ನನ್ನು ಪಕ್ಕಕ್ಕಿಟ್ಟು ಬಂದು ಬೆರಳನ್ನು ಹಿಡಿದು ನೋಡಿದ.

“ಇದು ಲಕ್ವ ಅಲ್ಲ. ಕೀಲು ತಪ್ಪೈತೆ. ಯಾವಾಗ ಬಿದ್ದಿದ್ರಿ?”

“ಎಲ್ಲೂ ಬಿದ್ದಿಲ್ಲಪ್ಪಾ, ಬಿಡ್ರೋ ನನ್ನ!”

“ಬಿದ್ದೋರಿಗೆ ನೆನಪಿರಲ್ಲ,” ಎಂದು ಚಿಕ್ಕಹನುಮಂತಪ್ಪ ಉಂಗುರದ ಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ತಿರುವಿದ. ಲಟಕ್ ಎಂದಿತು. ಕಲ್ಲೇಶಾಚಾರಿಯ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದವು.

“ಹಾಂ, ಈಗ ಕೂತ್ಕಂತು ನೋಡ್ರಿ.”

ಕೂತದ್ದಲ್ಲ, ಹೋದದ್ದು. ಅಷ್ಟು ಹೊತ್ತು ಸೋಮಾರಿಯಾಗಿದ್ದ ಬೆರಳು ಈಗ ನಿಜವಾಗಿಯೂ ಮುರಿದಿತ್ತು. ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಬಳಿದು, ಬಿದಿರು ದಬ್ಬೆಯಿಟ್ಟು, ಪಕ್ಕದ ಕಿರುಬೆರಳನ್ನೂ ಸೇರಿಸಿ ಬಟ್ಟೆ ಸುತ್ತಿದರು. “ಒಂದೂವರೆ ತಿಂಗಳು ಬಿಚ್ಚಂಗಿಲ್ಲ. ಉಳಿ ಗಿಳಿ ಮುಟ್ಟಂಗಿಲ್ಲ,” ಎಂದು ಅಪ್ಪಣೆಯಾಯಿತು. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಶಂಕ್ರಮ್ಮ ಓಡಿಬಂದು ವಾದ್ಯದ ಗೂಡನ್ನು ಗಂಡನ ಕಂಕುಳಿಗೆ ತುರುಕಿದಳು. ಕೈ ನೋಡಿ ಅಳಬೇಕೋ ಬೈಯಬೇಕೋ ತೋಚದೆ ಎರಡನ್ನೂ ಮಾಡಿದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸೀಟುಗಳಲ್ಲಿ ನಿಶ್ಚಿತಾರ್ಥಕ್ಕೆ ಹೊರಟ ಜನ ಹೂವು ಹಣ್ಣಿನ ತಟ್ಟೆ ಹಿಡಿದು ಕೂತಿದ್ದರು. ಕಲ್ಲೇಶಾಚಾರಿ ಗಾದ್ರಮ್ಮ ಎಂಬ ಮುದುಕಿಯ ಪಕ್ಕ ಅರ್ಧ ಕುಂಡಿ ಊರಿದ. ರಸ್ತೆಯ ಗುಂಡಿಯೊಂದಕ್ಕೆ ಬಸ್ಸು ಇಳಿದದ್ದೇ ತಡ ಗೂಡು ತೊಡೆಯಿಂದ ಜಾರಿತು, ಕೊಂಡಿ ಬಿಚ್ಚಿತು, ಒಳಗಿನ ವಾದ್ಯ ಗಾದ್ರಮ್ಮನ ಮಡಿಲಿಗೆ ಬಿದ್ದು ‘ಊಂ…’ ಎಂದು ನರಳುತ್ತ ಉದ್ದವಾಯಿತು.

“ಕೂಸು! ಪೆಟ್ಟಿಗ್ಯಾಗೆ ಕೂಸು ಹಾಕ್ಯಾನೆ ಮುಂಡೇಗಂಡ!”

ಕಂಡಕ್ಟರ್ ಸೀಟಿ ಊದಿದ. ಜನ ಎದ್ದು ನಿಂತರು. ಕೂಸಲ್ಲ, ವಾದ್ಯ ಎಂದರೆ ಯಾರೂ ನಂಬಲೊಲ್ಲರು. “ವಾದ್ಯ ಆದ್ರೆ ನುಡಿಸಿ ತೋರ್ಸು,” ಎಂದರು. ಕಟ್ಟು ಹಾಕಿದ ಕೈಯನ್ನು ಹೇಗೋ ವಾದ್ಯದ ತೊಗಲು ಪಟ್ಟಿಯೊಳಗೆ ತೂರಿಸಿ ಅವನು ಬರುತ್ತಿದ್ದ ಒಂದೇ ರಾಗವನ್ನು ಶುರುಮಾಡಿದ. ನಾಲ್ಕು ಸ್ವರ ಆಗುವಷ್ಟರಲ್ಲಿ ಗಾದ್ರಮ್ಮನ ಮುಖ ಕಿವುಚಿಕೊಂಡಿತು. ಸತ್ತ ತಂಗಿಯ ಹೆಸರು ಹೇಳಿ ಎದೆ ಬಡಿದುಕೊಂಡಳು. ಅದನ್ನು ಕೇಳಿ ಹಿಂದಿನ ಸೀಟಿನ ಹೆಂಗಸರು ತಮ್ಮ ತಮ್ಮವರನ್ನು ನೆನೆಸಿಕೊಂಡರು. ತಿರುವಿಗೆ ಬರುವ ಹೊತ್ತಿಗೆ ಬಸ್ಸು ಪೂರ್ತಿ ಸಾವಿನ ಮನೆಯಾಗಿತ್ತು.

ನಿಶ್ಚಿತಾರ್ಥದ ಯಜಮಾನ ತಟ್ಟೆ ಹಿಡಿದುಕೊಂಡೇ ಎದ್ದ. “ಶುಭಕಾರ್ಯಕ್ಕೆ ಹೊಂಟೀವಿ, ಇದೇನ್ರೀ ಅನಿಷ್ಟ?”

ಡ್ರೈವರ್ ಬ್ರೇಕು ಹಾಕಿ ಹಿಂತಿರುಗಿದ. “ಯಾರು ಸತ್ತಾರ್ರೀ?”

ಕಲ್ಲೇಶಾಚಾರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಇನ್ನೂ ಸತ್ತಿಲ್ರಿ. ಸಂಜೆ ಒಳಗೆ,” ಎಂದ.

ಆ ಮಾತಿಗೆ ಅವನನ್ನು ಅಲ್ಲೇ ಇಳಿಸಿದರು.

ಬಿಸಿಲು ನೆತ್ತಿಗೇರಿತ್ತು. ಹೊನ್ನಾಳಿ ಇನ್ನೂ ದೂರವಿತ್ತು. ಹಿಂದೆ ಬಂದ ಲಾರಿಯವರು ಕೈಯಲ್ಲಿದ್ದ ಕಟ್ಟನ್ನೂ ಕಂಕುಳಲ್ಲಿದ್ದ ಗೂಡನ್ನೂ ನೋಡಿ ನಿಲ್ಲಿಸದೆ ಹೋದರು. ನಡೆದೂ ನಡೆದೂ ಸಾಕಾಗಿ ಕಲ್ಲೇಶಾಚಾರಿ ಒಂದು ಮೈಲಿಗಲ್ಲಿನ ಮೇಲೆ ಕೂತ. ಅಳು ಬಂತು. ಒಂದು ತಿಂಗಳು ಊರಿನ ಬೈಗುಳ ತಿಂದು ಒಂದು ಬೆರಳನ್ನು ಎಬ್ಬಿಸಲು ನೋಡಿದ್ದ. ಈಗ ಆ ಬೆರಳೇ ಇಲ್ಲ. ಮಾತು ಕೊಟ್ಟವನು ಕೊನೆಗೆ ಕುಂಟುವ ರಾಗವನ್ನೇ ಹೊತ್ತುಕೊಂಡು ಹೋಗಬೇಕು.

ಸಿಟ್ಟಿಗೆ ವಾದ್ಯ ತೆಗೆದು ತಿರುವನ್ನು ನುಡಿಸಿದ. ಉಂಗುರದ ಬೆರಳು ದಬ್ಬೆಯೊಳಗಿತ್ತಲ್ಲ, ನಡುಬೆರಳಿಗೆ ಬೇರೆ ದಾರಿ ಇರಲಿಲ್ಲ. ಅದು ತಡಕಾಡುತ್ತ ಮೇಲಿನ ಸಾಲಿಗೆ ಹೋಯಿತು. ಅಲ್ಲೊಂದು ಗುಂಡಿ, ಅದರಲ್ಲೂ ಅದೇ ಸ್ವರ! ಅದೂ ತಿದಿಯನ್ನು ಮತ್ತೆ ಒತ್ತದೆಯೇ, ಎಳೆಯುತ್ತಿದ್ದ ಹಾಗೇ. ಬೆರಳು ಹಾರಲಿಲ್ಲ, ನಡೆಯಿತು. ರಾಗ ನೀರಿನ ಹಾಗೆ ತಿರುವು ದಾಟಿ ಮುಂದೆ ಹೋಯಿತು.

ಕಲ್ಲೇಶಾಚಾರಿ ಮತ್ತೆ ನುಡಿಸಿದ. ಮತ್ತೆ ದಾಟಿತು. ಚಿಕ್ಕಹನುಮಂತಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು ಹೊನ್ನಾಳಿಯ ಕಡೆ ಓಡಿದ.

ಆಸ್ಪತ್ರೆಯ ಜಗಲಿಯಲ್ಲಿ ಜನ ಸದ್ದಿಲ್ಲದೆ ಕೂತಿದ್ದರು. ಕಾಂಪೌಂಡರ್ ಬೀರಲಿಂಗಪ್ಪ ಎದ್ದು ಬಂದು ರಸ್ತೆಯ ಕಡೆ ನೋಡಿದ, ಇವನ ಹಿಂದೆ ನೋಡಿದ. “ಗಾಡಿ ಹಿಂದೆ ಬರ್ತೈತಾ?” ಎಂದ. ಕಲ್ಲೇಶಾಚಾರಿ ಆಗಲೇ ಒಳಗೆ ನುಗ್ಗಿದ್ದ.

ಬಾಗಿಲು ಬಾಗಿಲಿಗೂ ತಲೆ ಬಗ್ಗಿಸಿ ಓಡಾಡುತ್ತಿದ್ದ ಎತ್ತರದ ಮನುಷ್ಯ ಫಾದರ್. ಈಗಲೂ ಅವರ ಕಾಲು ಮಂಚದಿಂದ ಹೊರಗೆ ಚಾಚಿದ್ದವು. ಉಳಿದದ್ದೆಲ್ಲ ಒಣಗಿತ್ತು. ಹೆಜ್ಜೆ ಸದ್ದಿಗೆ ಫಾದರ್ ಕಣ್ಣು ತೆರೆದರು. ಕಲ್ಲೇಶಾಚಾರಿ ನೆಲದ ಮೇಲೆ ಕೂತು ನುಡಿಸಿದ. ತಿರುವು ಬಂತು. ನಡುಬೆರಳು ಮೇಲಿನ ಸಾಲಿಗೆ ನಡೆದು ಹೋಯಿತು, ಬಂತು. ರಾಗ ಎಲ್ಲೂ ನಿಲ್ಲಲಿಲ್ಲ. ಫಾದರ್ ಕಣ್ಣ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು. ಕಲ್ಲೇಶಾಚಾರಿಗೆ ಬದುಕಿನಲ್ಲಿ ಅಷ್ಟು ಸುಖ ಎಂದೂ ಆಗಿರಲಿಲ್ಲ.

“ಮೇಲಿನ ಸಾಲು,” ಎಂದು ಫಾದರ್ ಪಿಸುಗುಟ್ಟಿದರು. “ನನಗೆ ಅರವತ್ತು ವರ್ಷ ಹೊಳೆಯಲಿಲ್ಲ. ಅಮ್ಮ ಹೀಗೆಯೇ ನುಡಿಸುತ್ತಿದ್ದಳು.”

 ಆಮೇಲೆ ಬಾಗಿಲ ಕಡೆ ನೋಡಿದರು.

“ಈಗ ಪೆಟ್ಟಿಗೆಯನ್ನು ತೋರಿಸು.”

“ಇದೇ ಅಲ್ಲೇನ್ರೀ ಫಾದರ್ ಪೆಟ್ಟಿಗೆ?”

“ಅದಲ್ಲ, ಕಲ್ಲೇಶ. ನನ್ನದು. ನನ್ನನ್ನು ಮಲಗಿಸಿ ಮಣ್ಣಿಗೆ ಇಳಿಸುವ ಪೆಟ್ಟಿಗೆ.”

 ಈ ಸೀಮೆಯಲ್ಲಿ ಸತ್ತವರನ್ನು ಸುಡುತ್ತಾರೆ, ಇಲ್ಲವೇ ಗುಣಿಯಲ್ಲಿ ಕೂರಿಸುತ್ತಾರೆ, ಮಲಗಿಸುತ್ತಾರೆ. ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಳ ಬಡಿಯುವುದನ್ನು ಕಲ್ಲೇಶಾಚಾರಿ ಕಂಡಿರಲಿಲ್ಲ, ಕೇಳಿರಲಿಲ್ಲ. ಭುಜದ ಹತ್ತಿರ ಅಗಲ, ತಲೆಗೂ ಕಾಲಿಗೂ ಕಿರಿದು, ಹಾಗಾಗಿ ಅದಕ್ಕೂ ಆರು ಮೂಲೆ ಎಂದು ಬೀರಲಿಂಗಪ್ಪ ಕಿವಿಯಲ್ಲಿ ಹೇಳಿದ. ಕಲ್ಲೇಶಾಚಾರಿ ಹಿತ್ತಾಳೆ ಕೊಂಡಿಯ ಆ ಪುಟ್ಟ ಗೂಡನ್ನು ಎತ್ತಿ ತೋರಿಸಿದ.

ಫಾದರ್ ಅದನ್ನು ಬಹಳ ಹೊತ್ತು ನೋಡಿದರು. ಬಾಯಿಯ ಒಂದು ತುದಿ ಮೇಲೆ ಹೋಯಿತು.

“ಇದರಲ್ಲಿ ನನ್ನ ತಲೆ ಹಿಡಿಸಬಹುದು,” ಎಂದರು. “ಉಳಿದದ್ದನ್ನು ಎಲ್ಲಿ ಇಡುತ್ತೀ?”

ಅವರಿಗೆ ನಗು ಬಂತು. ಮಂಚ ಅಲ್ಲಾಡುವ ಹಾಗೆ ನಕ್ಕರು, ನಗುತ್ತ ಕೆಮ್ಮಿದರು, ಕೆಮ್ಮುತ್ತ ಕಲ್ಲೇಶಾಚಾರಿಯ ಕಟ್ಟು ಹಾಕಿದ ಕೈಯನ್ನು ಹಿಡಿದುಕೊಂಡರು. ಆ ನಗು ಮುಗಿದ ಮೇಲೆ ಅವರು ಮತ್ತೆ ಉಸಿರು ಎಳೆದುಕೊಳ್ಳಲಿಲ್ಲ. ಕಲ್ಲೇಶಾಚಾರಿ ಮಗುವಿನ ಹಾಗೆ ಅತ್ತ.

ಅಳು ನಿಂತ ಮೇಲೆ ಬೀರಲಿಂಗಪ್ಪ ಅವನನ್ನು ಹೊರಗೆ ಕರೆತಂದ.

“ನಾಳೆ ಬೆಳಿಗ್ಗೆ ಮಣ್ಣು. ದಾವಣಗೆರೆಯಿಂದ ಪಾದ್ರಿಗಳು ಬರ್ತಾರೆ. ನಿಮ್ಮ ಕೈಯಾಗೇ ಆಗ್ಬೇಕು ಅಂತ ಅವರ ಮಾತು. ಹಲಗೆ ಅದಾವಲ್ಲ ಆಚಾರ್ರೇ?”

“ಅದಾವೆ.”

“ಎಲ್ಲಿ ಅದಾವೆ?”

ಕಲ್ಲೇಶಾಚಾರಿ ಹೊಳೆಯ ಕಡೆ ನೋಡಿದ. “ಅದರ ಮ್ಯಾಲೆ ಜನ ಕೂತ್ಕಂಡಾರೆ,” ಎಂದ.

ಹಿಂದಕ್ಕೆ ಹೋಗಲು ಸಿಕ್ಕದ್ದು ಅದೇ ಬಸ್ಸು. ಡ್ರೈವರ್ ಇವನ ಮುಖ ನೋಡಿ, “ಈಗ ಯಾರು ಸತ್ತಾರೆ?” ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಮುಂದಿನ ಸೀಟು ಬಿಡಿಸಿಕೊಟ್ಟ.

ಮಹೇಶ್ವರಪ್ಪನ ಹೋಟ್ಲಿನಲ್ಲಿ ಸಂಜೆಯ ಚಾ ಹೊತ್ತು. ಎರಡು ಬೆಂಚೂ ತುಂಬಿದ್ದವು. ಭೀಮಕ್ಕ ನಿಂತುಕೊಂಡು ಲಕ್ವದ ಕತೆಯನ್ನು ಹೊಸಬರಿಗೆ ಹೇಳುತ್ತಿದ್ದಳು. ಚಿಕ್ಕಹನುಮಂತಪ್ಪ ಆ ಕತೆಗಾಗಿ ಎರಡನೇ ಚಾ ಕುಡಿಯುತ್ತಿದ್ದ.

“ಎಲ್ಲಾರೂ ಸ್ವಲ್ಪ ಏಳ್ರಿ,” ಎಂದ ಕಲ್ಲೇಶಾಚಾರಿ.

“ಯಾಕ್ರೀ?” ಎಂದ ಮಹೇಶ್ವರಪ್ಪ.

“ಫಾದರ್ ಮಲಗಬೇಕು.”

“ರೀಲು ಬಿಡಬ್ಯಾಡ್ರಿ ಆಚಾರ್ರೇ…” ಎನ್ನುತ್ತ ತಿರುಗಿದ ಮಹೇಶ್ವರಪ್ಪ ಅವನ ಮುಖ ನೋಡಿ ಸೌಟು ಕೆಳಗಿಟ್ಟ. ವಿಷಯ ತಿಳಿದ ಮೇಲೆ ಒಬ್ಬೊಬ್ಬರಾಗಿ ಎದ್ದರು. ಕೆಲವರು ಕೂತಿದ್ದ ಜಾಗವನ್ನು ಟವೆಲಿನಿಂದ ಒರೆಸಿದರು. “ಉಳಿ ಮುಟ್ಟಂಗಿಲ್ಲ ಅಂದಿದ್ದೆ,” ಎಂದು ಗೊಣಗಿದ ಚಿಕ್ಕಹನುಮಂತಪ್ಪನಿಗೆ ಭೀಮಕ್ಕ ತಿವಿದಳು. ಅವನು ಲೋಟ ಇಟ್ಟು ಹಲಗೆ ಹಿಡಿದುಕೊಳ್ಳಲು ಬಂದ.

ಬೆಂಚು ಬಿಚ್ಚಿ ಹಲಗೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು. ಎಡಗೈ ಕಟ್ಟಿನೊಳಗಿತ್ತು. ಕಲ್ಲೇಶಾಚಾರಿ ಮಂಡಿಯೂರಿ ಬಲಗೈಯ ಗೇಣಿನಲ್ಲಿ ತಲೆಯ ಕಡೆಯಿಂದ ಅಳೆಯುತ್ತ ಬಂದ. ಮಂಚದ ಹೊರಗೆ ಚಾಚಿದ್ದ ಆ ಕಾಲುಗಳು ಕಣ್ಣ ಮುಂದಿದ್ದವು. ಕೊನೆಗೆ ಬಂದು ನಿಂತ. ಮತ್ತೆ ಮೊದಲಿಂದ ಅಳೆದ. ಒಂದೊಂದು ಹಲಗೆಯಲ್ಲೂ ಒಂದು ಗೇಣು ಕಡಿಮೆ.

“ಇಷ್ಟು ಹೊತ್ತಲ್ಲಿ ಆ ತೇಗ ಎಲ್ಲಿ ಸಿಗ್ತೈತ್ರೀ?” ಎಂದ ಮಹೇಶ್ವರಪ್ಪ.

 ಕಡಿಮೆ ಬಿದ್ದ ಗೇಣು ಬೆಳಿಗ್ಗೆಯಿಂದ ಕಲ್ಲೇಶಾಚಾರಿಯ ಕಂಕುಳಲ್ಲೇ ಇತ್ತು. ಕೊಂಡಿ ತೆಗೆದು ಕಾನ್ಸರ್ಟಿನಾವನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟ. ಇಡುವಾಗ ಅದು ಒಮ್ಮೆ ನರಳಿತು. ಖಾಲಿ ಗೂಡನ್ನು ಹಲಗೆಗಳ ಕಾಲ ತುದಿಗೆ ತಂದಿಟ್ಟು, ಮನೆಯಿಂದ ಉಳಿ ತರಲು ಶಂಕ್ರಮ್ಮನನ್ನು ಕೂಗಿದ.